ಹತ್ತು ಕಸುಬಿಗೆ ಕೈ ಹಾಕಿದ ಕಾರಂತರು ಬೆಂಗಳೂರು ಸೇರಲಿಲ್ಲ!

ದಾಸನಕೊಪ್ಪ: "ಒಂದು ಕಸುಬು ಹಿಡಿಯೋ ತಮ್ಮಾ, ಹತ್ತಕ್ಕೆ ಕೈ ಹಾಕಿದವ ಉದ್ಧಾರ ಆದದ್ದುಂಟೇನು?" ಶಿರಸಿ ತಾಲೂಕಿನ ಈ ಬದಿಯ ಊರುಗಳಲ್ಲಿ ಈ ಮಾತು ಕೇಳದೆ ಬೆಳೆದ ಹುಡುಗ ಸಿಗುವುದು ಕಷ್ಟ.

ಅಂಥವನೊಬ್ಬ ಊರಿಗೊಬ್ಬನಾದರೂ ಇದ್ದೇ ಇರುತ್ತಾನೆ. ಚೌತಿ ಹತ್ತಿರ ಬಂತೆಂದರೆ ಕೆರೆ ಮಣ್ಣು ಮೆತ್ತಿ ಗಣಪತಿ ಮಾಡುವವನು ಅವನೇ. ಜಾತ್ರೆಯ ನಾಟಕಕ್ಕೆ ಪರದೆ ಬರೆಯುವವನೂ ಅವನೇ, ಅದೇ ಪರದೆಯ ಮುಂದೆ ನಿಂತು ಖಳನಾಯಕನಾಗಿ ಗುಡುಗುವವನೂ ಅವನೇ. ಶನಿವಾರದ ಭಜನೆಯಲ್ಲಿ ಹಾರ್ಮೋನಿಯಂ ಮುಂದೆ ಕೂತವನು ಸೋಮವಾರ ಬೆಳಿಗ್ಗೆ ಏಣಿ ಹತ್ತಿ ಯಾವುದೋ ಅಂಗಡಿಯ ಬೋರ್ಡು ಬರೆಯುತ್ತಿರುತ್ತಾನೆ. ಮೈಕಿನಲ್ಲಿ ಅವನ ಹೆಸರು ಕೂಗುವಾಗ "ನಮ್ಮೂರ ಹೆಮ್ಮೆಯ ಕಲಾವಿದರು" ಎನ್ನುತ್ತಾರೆ. ಮನೆಯಲ್ಲಿ ಮಾತ್ರ ಉಂಡಾಡಿ ಅಂತ ಬೈಗುಳ. ಹೆಣ್ಣಿನ ಕಡೆಯವರು ಬಂದು "ಹುಡುಗ ಏನ್ ಮಾಡ್ತಾನ್ರೀ?" ಎಂದು ಕೇಳಿದರೆ ತಂದೆ ತಾಯಿ ಮುಖ ಮುಖ ನೋಡಿಕೊಳ್ಳುವುದೇ ಆಯಿತು.

ಇದ್ದ ಅಷ್ಟಿಷ್ಟು ಗಳಿಕೆಗೂ ಈಗ ಕಲ್ಲು ಬಿದ್ದಿದೆ. ಫ್ಲೆಕ್ಸ್ ಬಂದ ಮೇಲೆ ಬ್ರಷ್ ಹಿಡಿದು ಬೋರ್ಡು ಬರೆಸುವವರು ಇಲ್ಲ. ಪರದೆ ಬಾಡಿಗೆಗೆ ಸಿಗುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ಗಣಪತಿ ಲಾರಿಯಲ್ಲಿ ಬರುತ್ತದೆ. ಹೀಗಿರುವಾಗ ಹುಡುಗ ಬ್ಯಾಗು ಹೆಗಲಿಗೇರಿಸಿ ಬೆಂಗಳೂರಿನ ಬಸ್ಸು ಹತ್ತಿದರೆ ಯಾರು ಯಾರನ್ನು ದೂರಬೇಕು?

ಬಸ್ಸು ಹತ್ತದೆಯೂ ಬಾಳಬಹುದೇ? ಒಂದಲ್ಲ, ಹತ್ತು ಕಲೆ ಇಟ್ಟುಕೊಂಡು ಹಳ್ಳಿಯಲ್ಲೇ ಕೂತು ಕೆಲಸ ಮಾಡಿದವರು ಉಂಟೇ? ಉಂಟು. ನಮ್ಮ ಪಕ್ಕದ ಕರಾವಳಿಯಲ್ಲೇ ಒಬ್ಬರಿದ್ದರು. ತಮ್ಮ ಆತ್ಮಕಥೆಗೆ ಅವರೇ ಇಟ್ಟುಕೊಂಡ ಹೆಸರು 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ಹೌದು, ಕೋಟ ಶಿವರಾಮ ಕಾರಂತರು.

ಕಾಲೇಜು ಬಿಟ್ಟ ಹುಡುಗ

1902ರ ಅಕ್ಟೋಬರ್ 10ರಂದು ಉಡುಪಿ ಬದಿಯ ಕೋಟದಲ್ಲಿ ಹುಟ್ಟಿದ ಕಾರಂತರು ಮಂಗಳೂರಿನಲ್ಲಿ ಕಾಲೇಜಿಗೆ ಸೇರಿದ್ದೇನೋ ನಿಜ. ಗಾಂಧೀಜಿ ಅಸಹಕಾರಕ್ಕೆ ಕರೆ ಕೊಟ್ಟದ್ದೇ ತಡ, ಪುಸ್ತಕ ಬಿಸಾಕಿ ಹೊರಬಿದ್ದರು. ಖಾದಿ, ಸ್ವದೇಶಿ ಅಂತ ಊರೂರು ಅಲೆದರು. 'ವಸಂತ' ಅಂತ ಪತ್ರಿಕೆ ನಡೆಸಿದರು. ಮನೆಯವರ ಪಾಲಿಗೆ ಇದೂ ಉಂಡಾಡಿತನವೇ ಆಗಿ ಕಂಡಿದ್ದರೆ ಆಶ್ಚರ್ಯವಿಲ್ಲ. (ಕಾಲೇಜು ಬಿಟ್ಟವರೆಲ್ಲ ಕಾರಂತರಾಗುವುದಿಲ್ಲ ಬಿಡಿ. ಅದು ಬೇರೆ ಮಾತು!)

ಕೊನೆಗೆ ಅವರು ನೆಲೆ ನಿಂತದ್ದು ಪುತ್ತೂರಿನಲ್ಲಿ. ಇಂದಿನ ಪುತ್ತೂರನ್ನು ನೋಡಿದವರಿಗೆ ನಂಬಿಕೆ ಬಾರದು. ಆಗ ಅದು ಗುಡ್ಡ, ಗದ್ದೆ, ತೋಟಗಳ ನಡುವಿನ ಸಣ್ಣ ಪೇಟೆ. ಅಲ್ಲಿಯ ಗುಡ್ಡದ ಮೇಲೆ 'ಬಾಲವನ' ಕಟ್ಟಿದರು. ಬೆತ್ತ ಹಿಡಿಯದೆ, ಆಟ, ಹಾಡು, ಕುಣಿತ, ಚಿತ್ರದ ಮೂಲಕ ಮಕ್ಕಳು ಕಲಿಯಬೇಕು ಎಂಬುದು ಅಲ್ಲಿಯ ಪಾಠಕ್ರಮ. ಕುಣಿತ ಕಲಿಸಿದವರು ಬೇರೆ ಯಾರೋ ಅಲ್ಲ, ಸ್ವತಃ ಕಾರಂತರು. ಪುತ್ತೂರಿನ ನಾಡಹಬ್ಬದಲ್ಲಿ ನಾಟಕ, ಗೀತನಾಟಕ ಬರೆದು, ಆಡಿಸಿ, ತಾವೂ ಹೆಜ್ಜೆ ಹಾಕಿದರು. ಗಂಡಸು ರಂಗದ ಮೇಲೆ ಹೀಗೆ ಕುಣಿಯುವುದೇ ಅನೇಕರಿಗೆ ನಗೆಯ ವಿಷಯವಾಗಿದ್ದ ಕಾಲ ಅದು. 1936ರಲ್ಲಿ ಜಾತಿ ಬಿಟ್ಟು ಲೀಲಾ ಅವರನ್ನು ಮದುವೆಯಾದಾಗ ಊರು ಏನೆಲ್ಲ ಅಂದಿರಬೇಡ!

ಪ್ರೆಸ್ಸೂ ಅವರದೇ, ಚಿತ್ರವೂ ಅವರದೇ

ಮಾತು ಬರುವ ಸಿನೆಮಾ ಕನ್ನಡಕ್ಕೆ ಇನ್ನೂ ಬಾರದ ದಿನಗಳಲ್ಲಿ, 1930ರ ಸುಮಾರಿಗೆ, ಕಾರಂತರು ಮೂಕಿ ಚಿತ್ರಕ್ಕೆ ಕೈ ಹಾಕಿದರು. 'ಡೊಮಿಂಗೊ', 'ಭೂತರಾಜ್ಯ' ಎಂಬ ಎರಡು ಚಿತ್ರ. 'ಡೊಮಿಂಗೊ' ಅಸ್ಪೃಶ್ಯತೆಯ ವಿಷಯ ಎತ್ತಿಕೊಂಡದ್ದು. ಕ್ಯಾಮರಾದ ಹುಚ್ಚು ಅಲ್ಲಿಗೇ ಬಿಡಲಿಲ್ಲ. ಸುಮಾರು ಐವತ್ತು ವರ್ಷ ಕಳೆದ ಮೇಲೆ, ಎಪ್ಪತ್ತರ ಗಡಿ ದಾಟಿದ ಅಜ್ಜ, ತಮ್ಮದೇ 'ಕುಡಿಯರ ಕೂಸು' ಕಾದಂಬರಿಯನ್ನು 'ಮಲೆಯ ಮಕ್ಕಳು' ಎಂಬ ಸಿನೆಮಾ ಮಾಡಿ ನಿರ್ದೇಶಿಸಿದರು.

ಪುಸ್ತಕದ ವಿಷಯಕ್ಕೆ ಬಂದರೆ, ಕಾದಂಬರಿಗಳೇ 47. ಎಲ್ಲ ಸೇರಿ ನಾನೂರರ ಮೇಲೆ. 1933ರ 'ಚೋಮನ ದುಡಿ'ಯನ್ನು ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದಾಗ ಅದಕ್ಕೆ ಸ್ವರ್ಣಕಮಲ ಬಂತು. (ಬಿ.ವಿ. ಕಾರಂತರು ಬೇರೆ, ಇವರು ಬೇರೆ. ಎಷ್ಟೋ ಜನ ಇಂದಿಗೂ ಒಬ್ಬರೇ ಎಂದು ತಿಳಿದಿದ್ದಾರೆ.) 1968ರ 'ಮೂಕಜ್ಜಿಯ ಕನಸುಗಳು' ಅವರಿಗೆ 1977ರ ಜ್ಞಾನಪೀಠ ತಂದುಕೊಟ್ಟಿತು. ಇದೆಲ್ಲ ಶಾಲೆಯ ಪಠ್ಯದಲ್ಲೇ ಇರುವ ಸಂಗತಿ.

ಪಠ್ಯದಲ್ಲಿ ಇಲ್ಲದ ಸಂಗತಿ ಬೇರೆ ಇದೆ. ಬರೆದದ್ದನ್ನು ಅಚ್ಚು ಹಾಕಿಸಲು ಅವರು ಯಾರ ಬಾಗಿಲಿಗೂ ಹೋಗಿ ಕಾಯಲಿಲ್ಲ. ಪುತ್ತೂರಿನಲ್ಲೇ 'ಹರ್ಷ' ಎಂಬ ಹೆಸರಿನಲ್ಲಿ ತಮ್ಮದೇ ಪ್ರೆಸ್ಸು, ತಮ್ಮದೇ ಪ್ರಕಟಣಾಲಯ ಇಟ್ಟರು. ಕರಡು ತಿದ್ದುವುದೂ ತಾವೇ, ಒಳಗಿನ ಚಿತ್ರ ಬರೆಯುವುದೂ ತಾವೇ. ಮಕ್ಕಳಿಗೆ ಜಗತ್ತಿನ ವಿಷಯವೆಲ್ಲ ಕನ್ನಡದಲ್ಲಿ ಸಿಗಬೇಕೆಂದು 1936ರಲ್ಲಿ 'ಬಾಲ ಪ್ರಪಂಚ'ದ ಮೂರು ಸಂಪುಟ ತಂದರು. ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'. ಇಂಥ ಕೆಲಸಕ್ಕೆ ವಿಶ್ವವಿದ್ಯಾಲಯದವರು ಸಮಿತಿ ಮಾಡುತ್ತಾರೆ, ಉಪಸಮಿತಿ ಮಾಡುತ್ತಾರೆ, ಚಹಾ ಖರ್ಚಿನ ಬಿಲ್ಲು ಮಾಡುತ್ತಾರೆ. ಇಲ್ಲಿ ಒಬ್ಬ ಮನುಷ್ಯ ಒಂದು ಮೇಜಿನ ಮುಂದೆ ಕೂತು ಮುಗಿಸಿದ!

ಹಾಗಂತ ಇದು ಸುಖದ ಕಥೆ ಎಂದು ಯಾರೂ ತಿಳಿಯಬಾರದು. ಹಳ್ಳಿಯಲ್ಲಿ ಕೂತು ಶಾಲೆ, ಪ್ರೆಸ್ಸು, ಸಿನೆಮಾ, ಮೇಳ ಅಂತ ಕಟ್ಟಿದವನ ಕೈಯಲ್ಲಿ ದುಡ್ಡು ನಿಲ್ಲುವುದುಂಟೇ? ನೌಕರಿಯ ಸಂಬಳ ಇರಲಿಲ್ಲ, ಬರವಣಿಗೆಯೇ ಹೊಟ್ಟೆಪಾಡು. ಒಂದು ಕೆಲಸ ನಷ್ಟ ತಂದರೆ ಇನ್ನೊಂದರಿಂದ ತುಂಬಬೇಕು. ನೂರೆಂಟು ಪುಸ್ತಕ ಬರೆದದ್ದರ ಹಿಂದೆ ಹುಚ್ಚು ಎಷ್ಟಿತ್ತೋ, ಗಂಜಿಯ ಲೆಕ್ಕವೂ ಅಷ್ಟೇ ಇತ್ತು. ಊರಲ್ಲೇ ಇರುತ್ತೇನೆ ಎನ್ನುವ ಹುಡುಗರು ಈ ಲೆಕ್ಕವನ್ನು ಮೊದಲು ನೋಡಿಕೊಳ್ಳಬೇಕು.

ಯಕ್ಷಗಾನದ ಜಗಳ

ನಮ್ಮ ಜಿಲ್ಲೆಯವರಿಗೆ ಕಾರಂತರ ಮೇಲೆ ಒಂದು ತಕರಾರು ಉಂಟು. ಅದನ್ನೂ ಹೇಳದೆ ಬಿಟ್ಟರೆ ತಪ್ಪಾದೀತು.

ಯಕ್ಷಗಾನದ ಚೌಕಿಗೆ ಹೋಗಿ ನೋಡಿದವರಿಗೆ ಗೊತ್ತು. ಅಲ್ಲಿ ಕಲಾವಿದ ಕನ್ನಡಿ ಹಿಡಿದು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಾನೆ, ಎಂದರೆ ಚಿತ್ರಗಾರ. ರಂಗಕ್ಕೆ ಬಂದು ಕುಣಿಯುತ್ತಾನೆ. ಬರೆದಿಟ್ಟ ಚೀಟಿ ಇಲ್ಲದೆ ಅರ್ಥ ಹೇಳುತ್ತಾನೆ, ಎಂದರೆ ಆ ಗಳಿಗೆಯ ಕವಿ. ಚಿತ್ರ ಬೇರೆ, ಕುಣಿತ ಬೇರೆ, ಮಾತು ಬೇರೆ ಎಂದು ಕೋಣೆ ಕೋಣೆ ಮಾಡಿದ್ದು ಪೇಟೆಯವರು. ಶಿರಸಿಯ ಹೋಳಿಯ ಬೇಡರ ವೇಷವನ್ನೇ ನೋಡಿ. ನವಿಲುಗರಿ ಕಟ್ಟುವುದು, ಬಣ್ಣ ಹಚ್ಚುವುದು, ತಮಟೆ ಬಾರಿಸುವುದು, ಕತ್ತಿ ಗುರಾಣಿ ಹಿಡಿದು ಅಬ್ಬರಿಸುವುದು, ಎಲ್ಲವೂ ಒಂದೇ ಓಣಿಯ ಹುಡುಗರ ಕೈಕೆಲಸ.

ಕಾರಂತರು ಈ ಗುಟ್ಟು ಹಿಡಿದರು. ಹಳೆಯ ಪ್ರಸಂಗಗಳ ತಾಡವೋಲೆ ಹುಡುಕಿದರು, ಭಾಗವತರ ಬಾಯಿಂದ ರಾಗ ಕೇಳಿದರು, ವೇಷಭೂಷಣದ ಬಣ್ಣಗಳ ಮರ್ಮ ಬಿಡಿಸಿದರು. 1957ರ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅಷ್ಟಕ್ಕೇ ಸುಮ್ಮನಿದ್ದರೆ ಕಾರಂತರಾಗುತ್ತಿರಲಿಲ್ಲ. ಮಾತನ್ನು ಕಿತ್ತುಹಾಕಿ, ಹಾಡು ಮತ್ತು ಕುಣಿತ ಮಾತ್ರ ಉಳಿಸಿ, ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿ ಯಕ್ಷಗಾನ ಬ್ಯಾಲೆ ಮಾಡಿದರು. 'ಯಕ್ಷರಂಗ' ತಂಡ ಕಟ್ಟಿಕೊಂಡು ಹೊರದೇಶಕ್ಕೂ ಹೋಗಿ ಬಂದರು. ಕನ್ನಡ ಬಾರದವರು ಕೂತು ನೋಡಿ ಮೆಚ್ಚಿದರು.

ಆದರೆ ನಮ್ಮ ಬದಿಯವರು ಮೆಚ್ಚಬೇಕಲ್ಲ! ಕೆರೆಮನೆ ಶಿವರಾಮ ಹೆಗಡೆ, ಶಂಭು ಹೆಗಡೆಯವರ ಮಾತು ಕೇಳಿ ಬೆಳೆದ ಕಿವಿಗಳು ಇವು. "ಅರ್ಥ ಇಲ್ದೇ ಇದ್ರೆ ಅದು ಎಂಥಾ ಯಕ್ಷಗಾನ ಮಾರಾಯ್ರೇ?" ಎಂಬ ಪ್ರಶ್ನೆ ಇಂದಿಗೂ ಕಟ್ಟೆಯ ಮೇಲೆ ಕೂತವರ ಬಾಯಲ್ಲಿದೆ. ಪ್ರಶ್ನೆ ತಪ್ಪಲ್ಲ. ಮಾತು ತೆಗೆದರೆ ಆಟದ ಅರ್ಧ ಜೀವ ಹೋಗುತ್ತದೆ. ಆದರೆ ಬಣ್ಣ, ವೇಷ, ಹೆಜ್ಜೆಯಲ್ಲಿ ಸಿನೆಮಾ ನುಗ್ಗುತ್ತಿದ್ದ ಕಾಲದಲ್ಲಿ ಹಳೆಯದು ಹೇಗಿತ್ತು ಎಂದು ಬರೆದಿಟ್ಟವರು ಇದೇ ಕಾರಂತರು ಎಂಬುದನ್ನೂ ಜಗಳ ಮಾಡುವವರು ಒಪ್ಪಬೇಕು.

ಓಟು ಕೇಳಲು ಬಂದ ಅಜ್ಜ

ಇನ್ನೊಂದು ನೆನಪು ದಾಸನಕೊಪ್ಪಕ್ಕೂ ಸಂಬಂಧಪಟ್ಟದ್ದು. 1989ರ ಲೋಕಸಭಾ ಚುನಾವಣೆಯಲ್ಲಿ ಕಾರಂತರು ನಮ್ಮದೇ ಉತ್ತರ ಕನ್ನಡದ ಕ್ಷೇತ್ರದಿಂದ ಸ್ಪರ್ಧಿಸಿದ್ದರು. ಆಗ ಅವರ ವಯಸ್ಸು 87! ಮಂತ್ರಿಯಾಗುವ ಆಸೆಯಿಂದ ಬಂದವರಲ್ಲ. ಕಾಳಿ ನದಿಯ ದಂಡೆಯ ಕೈಗಾದಲ್ಲಿ ಅಣುಸ್ಥಾವರ ಬೇಡ ಎಂದು ಹೇಳುವುದಕ್ಕೆ ಬಂದವರು. ತುರ್ತುಪರಿಸ್ಥಿತಿ ಹೇರಿದಾಗ ಪದ್ಮಭೂಷಣವನ್ನೇ ವಾಪಸು ಕಳಿಸಿದ ಮನುಷ್ಯ. ಹೇಳಬೇಕೆನಿಸಿದ್ದನ್ನು ಹೇಳಲು ಅವರಿಗೆ ಯಾರ ಅಪ್ಪಣೆ ಬೇಕು?

ಚುನಾವಣೆಯಲ್ಲಿ ಸೋತರು. 1994ರಲ್ಲಿ, ಇನ್ನೂ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಪದರ ಕುಸಿದು ಬಿದ್ದಾಗ ಅಜ್ಜನ ಮಾತನ್ನು ನೆನೆದವರು ಬಹಳ ಜನ. ಆದರೂ ಕೈಗಾ ನಿಲ್ಲಲಿಲ್ಲ. ಇಂದು ತಲಾ 220 ಮೆಗಾವಾಟಿನ ನಾಲ್ಕು ಘಟಕ ಅಲ್ಲಿವೆ.

ಕಾದಂಬರಿಕಾರನಿಗೆ ಇದೆಲ್ಲ ಯಾಕೆ ಎಂದು ಕೇಳಿದವರೂ ಇದ್ದರು. ಅವರ 'ಬೆಟ್ಟದ ಜೀವ' ಓದಿದವರು ಹಾಗೆ ಕೇಳಲಾರರು. 1943ರ ಆ ಕಾದಂಬರಿಯಲ್ಲಿ ಗೋಪಾಲಯ್ಯ, ಶಂಕರಮ್ಮ ಎಂಬ ಮುದಿ ದಂಪತಿ ಘಟ್ಟದ ಬುಡದಲ್ಲಿ ಅಡಿಕೆ ತೋಟ ಮಾಡಿಕೊಂಡಿದ್ದಾರೆ. ಕಾಡು ಕಡಿದು, ಆನೆ ಹುಲಿಗಳ ನಡುವೆ ಬೆಳೆಸಿದ ತೋಟ. ಮಗ ಮನೆ ಬಿಟ್ಟು ಹೋಗಿದ್ದಾನೆ. ಮುದುಕಿ ದಾರಿ ನೋಡುತ್ತಾಳೆ. ಎಂಬತ್ತು ವರ್ಷದ ಹಿಂದಿನ ಕಥೆಯೋ, ಇವತ್ತು ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳ ಕಥೆಯೋ? ದೊಡ್ಡ ಮನೆ, ಅಂಗಳದ ತುಂಬ ಅಡಿಕೆ, ಒಳಗೆ ಇಬ್ಬರೇ ಮುದುಕರು, ಭಾನುವಾರ ಸಂಜೆ ಬೆಂಗಳೂರಿನಿಂದ ಫೋನು. ಬದಲಾದದ್ದು ಫೋನು ಮಾತ್ರ.

ಬೆಂಗಳೂರಿನ ಮಾತು ಬಂತು. ಅಲ್ಲಿಯ ಅಭಿವೃದ್ಧಿ ಪ್ರಾಧಿಕಾರ ರೈತರ ಜಮೀನು ವಶಪಡಿಸಿಕೊಂಡು ಮಾಡಿದ ಬಡಾವಣೆಯೊಂದಕ್ಕೆ ಇಟ್ಟ ಹೆಸರು 'ಡಾ. ಶಿವರಾಮ ಕಾರಂತ ಬಡಾವಣೆ'. ಊರು ಬಿಡದವನ ಹೆಸರಲ್ಲಿ ಸೈಟು! ಅಜ್ಜ ಇದ್ದಿದ್ದರೆ ಏನು ಅನ್ನುತ್ತಿದ್ದರೋ, ಅಚ್ಚು ಹಾಕುವಂತೆ ಇರುತ್ತಿತ್ತೋ ಇಲ್ಲವೋ!

ಹೆಗ್ಗೋಡು ದೂರವೇನಲ್ಲ

ಪುತ್ತೂರು ಬಿಟ್ಟ ಮೇಲೂ ಕಾರಂತರು ಪಟ್ಟಣ ಸೇರಲಿಲ್ಲ. ಹುಟ್ಟೂರಿನ ಪಕ್ಕದ ಸಾಲಿಗ್ರಾಮಕ್ಕೆ ಬಂದು ಮನೆ ಮಾಡಿದರು. ಅಲ್ಲೇ ಕೂತು ತೊಂಬತ್ತೈದರ ವಯಸ್ಸಿನಲ್ಲೂ ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು. 1997ರ ಡಿಸೆಂಬರ್ 9ರಂದು ತೀರಿಕೊಂಡರು.

ಕಾರಂತರು ದೊಡ್ಡವರು, ಅವರ ಮಾತು ಬೇರೆ ಎನ್ನುವವರಿಗೆ ಇನ್ನೂ ಹತ್ತಿರದ ಉದಾಹರಣೆ ಸಾಗರದ ಬದಿಯಲ್ಲಿದೆ. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟದವರು. 1949ರಲ್ಲಿ ಊರವರು ಕೂಡಿ ಹುಟ್ಟುಹಾಕಿದ ನೀನಾಸಂ ಅನ್ನು ಬೆಳೆಸಿದರು. ಅಕ್ಷರ ಪ್ರಕಾಶನ ಮಾಡಿ ಪುಸ್ತಕ ಅಚ್ಚು ಹಾಕಿದರು, ಚಿತ್ರಸಮಾಜ ಮಾಡಿ ಹಳ್ಳಿಯವರಿಗೆ ದೇಶವಿದೇಶದ ಸಿನೆಮಾ ತೋರಿಸಿದರು, 1980ರಲ್ಲಿ ರಂಗಶಿಕ್ಷಣದ ಕೇಂದ್ರ ತೆರೆದರು, 1985ರಿಂದ 'ತಿರುಗಾಟ' ಊರೂರಿಗೆ ನಾಟಕ ಹೊತ್ತು ತಿರುಗಿತು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಆ ಹಳ್ಳಿಯನ್ನೇ ಹುಡುಕಿಕೊಂಡು ಬಂತು. ತೋಟದ ಕೆಲಸವನ್ನೂ ಅವರು ಬಿಟ್ಟವರಲ್ಲ. ಅಲ್ಲಿಯ ರಂಗಮಂದಿರಕ್ಕೆ ಇಟ್ಟಿರುವ ಹೆಸರೂ ಶಿವರಾಮ ಕಾರಂತರದೇ.

ಇಬ್ಬರಲ್ಲೂ ಒಂದು ಸಮಾನ ಸಂಗತಿ ಕಾಣುತ್ತದೆ. ಒಬ್ಬರೇ ಹಾಡಿಕೊಂಡು ಕೂತವರಲ್ಲ. ಪ್ರೆಸ್ಸು, ಶಾಲೆ, ಮೇಳ, ಸಂಘ ಅಂತ ಏನಾದರೊಂದು ಕಟ್ಟಿದರು, ನಾಲ್ಕು ಜನರನ್ನು ಕೂಡಿಸಿಕೊಂಡರು. ಈ ಭಾಗದ ಯುವಕ ಸಂಘಗಳಿಗೆ ಕ್ರಿಕೆಟ್ ಪಂದ್ಯಕ್ಕೆ, ಡಿಜೆ ಬಾಡಿಗೆಗೆ ವಂತಿಗೆ ಎತ್ತುವುದು ಗೊತ್ತಿದೆ. ಚೌತಿಗೆ ಮಣ್ಣಿನ ಗಣಪತಿಯನ್ನು ಊರ ಹುಡುಗನ ಕೈಯಿಂದಲೇ ಮಾಡಿಸಿ, ಅವನಿಗೆ ಮುಂಗಡವಾಗಿ ನಾಲ್ಕು ಕಾಸು ಕೊಡುವುದು ಕಷ್ಟದ ಕೆಲಸವೇ? ನಾಟಕದ ಪರದೆಯನ್ನು ಬಾಡಿಗೆಗೆ ತರುವ ದುಡ್ಡಿನಲ್ಲಿ ಒಂದನ್ನು ಹೊಸದಾಗಿ ಬರೆಸಿದರೆ ಅದು ಹತ್ತು ವರ್ಷ ಊರಿಗೇ ಉಳಿಯುತ್ತದೆ.

ಹೆಗ್ಗೋಡಿನ ರಂಗಶಿಕ್ಷಣ ಕೇಂದ್ರದ ಒಂದು ವರ್ಷದ ತರಬೇತಿಗೆ ಕನ್ನಡ ಬಲ್ಲ ಹುಡುಗ ಹುಡುಗಿಯರು ಅರ್ಜಿ ಹಾಕಬಹುದು. ಸುಮ್ಮನೆ ನೋಡಿ ಬರುತ್ತೇವೆ ಎನ್ನುವವರೂ ಶಿರಸಿ, ಸಿದ್ದಾಪುರ, ತಾಳಗುಪ್ಪ, ಸಾಗರದ ದಾರಿ ಹಿಡಿಯಬಹುದು. ಬೆಳಗಿನ ಬಸ್ಸಿಗೆ ಹೊರಟರೆ ರಾತ್ರಿಯ ಊಟಕ್ಕೆ ಮನೆಗೆ ವಾಪಸು ಬರಬಹುದು.