ಸಾಲಾರ್ ಜಂಗ್ ಕೊಟ್ಟ ಕಚೇರಿ, ಕೊಡದ ಭಾಷೆ

ಬೀದರ್, ಭಾಲ್ಕಿ, ಔರಾದ್‌ನ ರೈತ ಇವತ್ತಿಗೂ ಜಮೀನಿನ ಕೆಲಸಕ್ಕೆಂದು ತಹಸೀಲ್ ಕಚೇರಿಗೆ ಅಲೆಯುತ್ತಾನೆ. ಆ ಕಚೇರಿಯ ಬೇರು ಹಿಡಿದು ಹೋದರೆ ಸಿಗುವ ಹೆಸರು ಒಂದನೇ ಸಾಲಾರ್ ಜಂಗ್. 1853ರಲ್ಲಿ, ಇಪ್ಪತ್ತರ ಹರೆಯದಲ್ಲೇ ಅವರು ನಿಜಾಮರ ದಿವಾನರಾದಾಗ ಬೀದರ್ ಕೂಡ ಸೇರಿದ್ದ ಹೈದರಾಬಾದ್ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. ಕಂದಾಯ ವಸೂಲಿ ಗುತ್ತಿಗೆದಾರರ ಪಾಲಾಗಿತ್ತು. ಹಣ ಕಟ್ಟಿದವನಿಗೆ ಸೀಮೆ, ಹಿಂಡಿದಷ್ಟೂ ಅವನಿಗೇ! ಆ ಪದ್ಧತಿ ಕಿತ್ತು, ಸಂಬಳದ ಅಧಿಕಾರಿಗಳನ್ನಿಟ್ಟು, 1865ರ ಜಿಲಾಬಂದಿಯಲ್ಲಿ ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿದರು. ಸಣ್ಣ ಕೆಲಸವಲ್ಲ ಅದು. ಜಹಗೀರುಗಳು, ಪಾಯಗಾ ಎಂಬ ದೊಡ್ಡ ಮನೆತನಗಳ ಸೀಮೆಗಳು ಮಾತ್ರ ಅವರ ಕೈಗೆ ಪೂರ್ತಿ ಸಿಗಲಿಲ್ಲ. ಅವು ಹೋದದ್ದು 1949ರಲ್ಲಿ.

ನನ್ನ ತಕರಾರು ಬೇರೆ. ಆ ಸುಧಾರಿತ ಆಡಳಿತ ಜನರ ಮಾತು ಕಲಿಯಲಿಲ್ಲ. ದಫ್ತರದಲ್ಲಿ ಫಾರಸಿ, 1883ರಲ್ಲಿ ಸಾಲಾರ್ ಜಂಗ್ ತೀರಿದ ಮೇಲೆ ಉರ್ದು. ಕನ್ನಡ, ಮರಾಠಿ, ತೆಲುಗು ಬೆರೆತ ರಾಜ್ಯಕ್ಕೆ ಒಂದು ಸಾಮಾನ್ಯ ಭಾಷೆ ಬೇಕಿತ್ತಲ್ಲ ಎನ್ನುತ್ತಾರೆ. ದಫ್ತರಕ್ಕೆ ಇರಲಿ, ಒಪ್ಪೋಣ; ಶಾಲೆಯಲ್ಲಿ ಮಗುವಿನ ಪಾಟಿಗೂ ಅದೇ ಬೇಕಿತ್ತೇ? ಕಾಲವೇ ಹಾಗಿತ್ತು ಎನ್ನೋಣವೆಂದರೆ, ಅದೇ 1860ರ ದಶಕದಲ್ಲಿ ಧಾರವಾಡ ಸೀಮೆಯ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ಬೆಳೆಸುತ್ತಿದ್ದರು, ಅದೂ ಬ್ರಿಟಿಷರ ನೌಕರಿಯಲ್ಲಿದ್ದುಕೊಂಡೇ. ಇತ್ತ ಭಾಲ್ಕಿಯಲ್ಲಿ ಇಪ್ಪತ್ತನೇ ಶತಮಾನದಲ್ಲೂ ಮಠದ ಸ್ವಾಮಿಗಳಾದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ, ಒಳಗೆ ಮಕ್ಕಳಿಗೆ ಕನ್ನಡ ತಿದ್ದಿಸಬೇಕಾಯಿತು. ಬೀದರ್ ಕನ್ನಡದ ರಾಜ್ಯ ಸೇರಿದ್ದು 1956ರ ನವೆಂಬರ್ 1ರಂದು.