ಒಂದು ಹಾಳೆಯ ಎರಡು ಮುಖಗಳು

ಬಾನುಲಿಯ ಮೂಲಕ ಚಿತ್ರವನ್ನು ತೋರಿಸುವುದು ಸಾಧ್ಯವಿಲ್ಲ. ಮಾತಿನಿಂದಲೇ ಅದನ್ನು ಶ್ರೋತೃಗಳ ಮನಸ್ಸಿನ ಮುಂದೆ ನಿಲ್ಲಿಸಬೇಕು. ಇಂದು ನಾವು ಹೇಳಹೊರಟಿರುವುದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಒಂದು ಹಾಳೆಯ ವಿಷಯ. ಅದರ ಎತ್ತರ ಸುಮಾರು 15 ಅಂಗುಲ, ಅಗಲ ಹನ್ನೊಂದೂವರೆ ಅಂಗುಲ.

17ನೆಯ ಶತಮಾನದ ಯೂರೋಪಿನಲ್ಲಿ ಮೆರೆದ ವೈಭವಯುತವಾದ ಕಲಾಶೈಲಿಗೆ ಬರೋಕ್ ಎಂದು ಹೆಸರು. ಆಂಟ್‌ವರ್ಪ್ ನಗರದ ಪೀಟರ್ ಪಾಲ್ ರೂಬೆನ್ಸ್ ಆ ಶೈಲಿಯ ಅಗ್ರಗಣ್ಯರಲ್ಲೊಬ್ಬನು. ಅರಮನೆಗಳಿಗೂ ದೇವಾಲಯಗಳಿಗೂ ಬೃಹತ್ಪಟಗಳನ್ನು ರಚಿಸಿದ ಆತನು 1621ರ ಸುಮಾರಿಗೆ ಈ ಸಣ್ಣ ಹಾಳೆಯ ಮೇಲೆ ತನ್ನ ಪತ್ನಿ ಇಸಬೆಲ್ಲ ಬ್ರಾಂಟಳ ಮುಖವನ್ನು ಬರೆದನು. 1609ರಲ್ಲಿ ವಿವಾಹವಾದಾಗ ಆಕೆಗೆ ಸುಮಾರು 18 ವರ್ಷ. ಈ ಚಿತ್ರದ ಕಾಲಕ್ಕೆ ಸುಮಾರು ಮೂವತ್ತು.

ಸಾಧನವು ಬಹು ಸರಳವಾದುದು: ಕಪ್ಪು, ಕೆಂಪು, ಬಿಳಿ ಎಂಬ ಮೂರು ಬಗೆಯ ಬಳಪ. ಕಪ್ಪು ಬಳಪವು ಇಂಗಾಲ ಬೆರೆತ ಮೃದುವಾದ ಕಲ್ಲು. ಕೆಂಪು, ಕಬ್ಬಿಣದ ಅಂಶದಿಂದ ಬಣ್ಣವೇರಿದ ಮಣ್ಣು, ನಮ್ಮ ಕಾವಿಯ ಬಂಧು. ತೈಲವರ್ಣದಂತೆ ಇದು ಒಣಗಲೆಂದು ಕಾಯಬೇಕಾಗಿಲ್ಲ. ಆದುದರಿಂದ ಮುಖದಲ್ಲಿ ಕ್ಷಣಮಾತ್ರ ಸುಳಿದು ಹೋಗುವ ಭಾವವನ್ನು ಹಿಡಿಯುವುದಕ್ಕೆ ಬಳಪಕ್ಕೆ ಸಮನಾದುದು ವಿರಳ.

ಇಲ್ಲಿ ಹಿಡಿದಿರುವುದು ಒಂದು ನಸುನಗೆಯನ್ನು. ಕೆನ್ನೆ ತುಟಿಗಳಿಗೆ ಕೆಂಪು ರಕ್ತದ ಬಿಸುಪನ್ನು ತಂದಿದೆ. ಬಿಳಿಯು ಚರ್ಮದ ಮೇಲೆ ಬೆಳಕಾಗಿದೆ. ವಿಶಾಲವಾದ ಕಣ್ಣುಗಳನ್ನು ಲೇಖನಿಯ ಶಾಯಿಯಿಂದ ಮತ್ತಷ್ಟು ತೀಡಿದ್ದಾನೆ. ಉಡುಪಿಗಾದರೋ ಕೆಲವೇ ಅವಸರದ ಗೆರೆಗಳು. ಪಟ್ಟೆ ಪೀತಾಂಬರಗಳನ್ನು ಬಣ್ಣಿಸುವುದರಲ್ಲಿ ನಿಸ್ಸೀಮನಾದವನು ಇಲ್ಲಿ ಅವನ್ನು ಲೆಕ್ಕಿಸಿಯೇ ಇಲ್ಲ.

1623ರಲ್ಲಿ ಈ ದಂಪತಿಗಳ ಮಗಳು ಕ್ಲಾರ ಸೆರೇನ ಹನ್ನೆರಡರ ವಯಸ್ಸಿನಲ್ಲಿ ತೀರಿಕೊಂಡಳು. 1626ರಲ್ಲಿ ಇಸಬೆಲ್ಲಳೂ ಗತಿಸಿದಳು. ಮರೆವೊಂದೇ ದುಃಖಕ್ಕೆ ಮದ್ದು, ಆದರೆ ಆಕೆಯ ನೆನಪಿನಿಂದ ದುಃಖವನ್ನು ಬೇರ್ಪಡಿಸುವುದು ಕಷ್ಟ ಎಂಬರ್ಥದ ಪತ್ರವನ್ನು ರೂಬೆನ್ಸ್ ಆ ವರ್ಷದ ಜುಲೈ ತಿಂಗಳಲ್ಲಿ ಪ್ಯಾರಿಸ್ಸಿನ ಮಿತ್ರನಿಗೆ ಬರೆದನು.

1630ರಲ್ಲಿ ಆತನು ಹದಿನಾರು ವರ್ಷದ ಹೆಲೆನ ಫೂರ್ಮೆಂಟಳನ್ನು ಮದುವೆಯಾದನು. ಮುಂದೆ, ತಾನೂ ಹೆಲೆನಳೂ ಮಗುವೂ ಕೂಡಿರುವ ಒಂದು ಚಿತ್ರಕ್ಕಾಗಿ ಕರಡು ಗೆರೆಗಳನ್ನು ಎಳೆಯಲು ತೊಡಗಿದಾಗ ಆತನ ಕೈಗೆ ಬಂದುದು ಈ ಹಾಳೆಯೇ! ಆ ಗೆರೆಗಳು ಇಸಬೆಲ್ಲಳ ಮುಖದ ಬೆನ್ನಿಗೇ ಇವೆ. ಇದನ್ನು ಮರೆವೆನ್ನೋಣವೇ? ಮರೆತವನು ಆ ಹಾಳೆಯನ್ನು ಅಷ್ಟು ವರ್ಷ ಕೈಯಳತೆಯಲ್ಲಿ ಇಟ್ಟುಕೊಂಡಿರುತ್ತಿದ್ದನೇ? ನಮಗಂತೂ ಹಾಗೆನ್ನಲು ಮನಸ್ಸು ಬಾರದು. ಗೋಡೆಗೆ ತೂಗಿದಾಗ ಕಾಣುವುದು ಒಂದೇ ಮುಖ. ಆದರೆ ಹಾಳೆಯು ಎರಡನ್ನೂ ಹೊತ್ತಿದೆ. ಈ ಚಿತ್ರದ ಪ್ರತಿಯನ್ನು ಎಲ್ಲಿಯಾದರೂ ಕಂಡಾಗ ಶ್ರೋತೃಗಳು ಅದರ ಹಿಂಬದಿಯನ್ನೂ ನೆನೆಯಬೇಕೆಂದು ನಮ್ಮ ಕೋರಿಕೆ.