ಎಷ್ಟು ಪೆಟಾಫ್ಲಾಪ್ ಅಂತ ಕೇಳಿದ್ರೆ ಸಾಲದು, ಕೆಲಸ ಎಷ್ಟೊತ್ತಿಗೆ ಮುಗೀತು ಅಂತಲೂ ಕೇಳಿ

ಸರ್ಕಾರ ಹೊಸ ಸೂಪರ್‌ಕಂಪ್ಯೂಟರ್ ಉದ್ಘಾಟಿಸಿದಾಗ ಬರೋ ಸುದ್ದಿಯಲ್ಲಿ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ: ಎಷ್ಟು ಕೋಟಿ ಖರ್ಚು, ಎಷ್ಟು ಪೆಟಾಫ್ಲಾಪ್ ವೇಗ. ಮೊದಲನೆಯದನ್ನು ನಾವು ಪ್ರಶ್ನಿಸ್ತೀವಿ. ಎರಡನೆಯದು ವಿಜ್ಞಾನಿಗಳ ಲೆಕ್ಕ ಅಂತ ಸುಮ್ಮನಾಗ್ತೀವಿ. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನ್ನ ವಾದ ಇಷ್ಟೇ: ಎರಡನೆಯದನ್ನೂ ಅಷ್ಟೇ ಗಟ್ಟಿಯಾಗಿ ಪ್ರಶ್ನಿಸಬೇಕು.

ಸಿ-ಡ್ಯಾಕ್‌ನ ‘ಪರಮ್ ಸಿದ್ಧಿ-ಎಐ’ ನೋಡಿ. 2020ರಲ್ಲಿ ಅದರ ವೇಗ 210 ಪೆಟಾಫ್ಲಾಪ್ ಅಂತಲೂ ಬಂತು, 4.6 ಪೆಟಾಫ್ಲಾಪ್ ಅಂತಲೂ ಬಂತು. ಎರಡೂ ಸುಳ್ಳಲ್ಲ. ಮತ್ತೆ 45 ಪಟ್ಟು ವ್ಯತ್ಯಾಸ ಎಲ್ಲಿಂದ ಬಂತು?

ಒಂದು ಪೆಟಾಫ್ಲಾಪ್ ಅಂದ್ರೆ ಸೆಕೆಂಡಿಗೆ ಸಾವಿರ ಲಕ್ಷ ಕೋಟಿ ಲೆಕ್ಕ. ಆದರೆ ಯಾವ ಲೆಕ್ಕ? 4.6 ಅನ್ನೋದು ‘ಲಿನ್‌ಪ್ಯಾಕ್’ ಪರೀಕ್ಷೆಯ ಫಲಿತಾಂಶ. ಭಾರೀ ದೊಡ್ಡ ಸಮೀಕರಣಗಳ ಗುಂಪೊಂದನ್ನು 64 ಬಿಟ್ ನಿಖರತೆಯಲ್ಲಿ ಬಿಡಿಸೋ ಪರೀಕ್ಷೆ ಇದು. 1993ರಿಂದ ವರ್ಷಕ್ಕೆರಡು ಸಲ ಬರುವ ಟಾಪ್500 ಪಟ್ಟಿ ನಿಂತಿರೋದೇ ಇದರ ಮೇಲೆ. 210 ಅನ್ನೋದು ‘ಎಐ ಪೆಟಾಫ್ಲಾಪ್’. ಅಂದ್ರೆ ಕಡಿಮೆ ಬಿಟ್‌ಗಳ, ಕಡಿಮೆ ನಿಖರತೆಯ ಲೆಕ್ಕ. ಅದೂ ಕಾಗದದ ಮೇಲಿನ ಗರಿಷ್ಠ. ಎಐ ತರಬೇತಿಗೆ ಅಷ್ಟು ನಿಖರತೆ ಸಾಕಾಗಬಹುದು, ಎಲ್ಲ ವಿಜ್ಞಾನಕ್ಕೂ ಸಾಲದು.

ಸರಿ, ಲಿನ್‌ಪ್ಯಾಕ್ ಅಂಕಿಯನ್ನಾದರೂ ಕಣ್ಣುಮುಚ್ಚಿ ನಂಬಬಹುದಾ? ಅದಕ್ಕೂ ಮುಂಚೆ ಈ ಯಂತ್ರಗಳು ಕೆಲಸ ಮಾಡೋ ರೀತಿ ಗೊತ್ತಿರಬೇಕು. ಲಕ್ಷಾಂತರ ಪ್ರೊಸೆಸರ್‌ಗಳು ಒಂದೇ ಕೆಲಸವನ್ನು ಹಂಚಿಕೊಂಡು ಏಕಕಾಲಕ್ಕೆ ಮಾಡ್ತವೆ. ನಮಗೆಲ್ಲ ಗೊತ್ತಿರೋ ಉದಾಹರಣೆ ಮತ ಎಣಿಕೆ ಕೇಂದ್ರ. ಒಂದು ಕ್ಷೇತ್ರಕ್ಕೆ ಸಾಮಾನ್ಯವಾಗಿ 14 ಟೇಬಲ್. ಎಲ್ಲ ಟೇಬಲ್‌ಗಳ ಎಣಿಕೆ ಮುಗಿದು, ಚುನಾವಣಾಧಿಕಾರಿ ಲೆಕ್ಕ ಕೂಡಿಸಿ ಪ್ರಕಟಿಸಿದ ಮೇಲೆ ಮುಂದಿನ ಸುತ್ತು. ಒಂದು ಟೇಬಲ್ ತಡವಾದ್ರೆ ಉಳಿದ 13 ಟೇಬಲ್ ಕಾಯಬೇಕು. ಟೇಬಲ್‌ಗಳನ್ನು 28 ಮಾಡಿದ್ರೂ ಅಧಿಕಾರಿ ಒಬ್ಬರೇ.

ಇದನ್ನೇ 1967ರಲ್ಲಿ ಜೀನ್ ಆಮ್ಡಾಲ್ ಲೆಕ್ಕವಾಗಿ ತೋರಿಸಿದ್ರು. ಕೆಲಸದ ಶೇ 5ರಷ್ಟು ಭಾಗವನ್ನು ಹಂಚೋಕೆ ಆಗದಿದ್ರೆ, 100 ಪ್ರೊಸೆಸರ್ ಹಾಕಿದಾಗ ಸಿಗೋ ವೇಗ ಸುಮಾರು 17 ಪಟ್ಟು. ಕೋಟಿ ಪ್ರೊಸೆಸರ್ ಹಾಕಿದ್ರೂ 20 ಪಟ್ಟು ದಾಟಲ್ಲ.

ಲಿನ್‌ಪ್ಯಾಕ್‌ನಲ್ಲಿ ಈ ಕಾಯುವಿಕೆ ಬಹಳ ಕಡಿಮೆ. ಮೆಮೊರಿಯಿಂದ ತಂದ ಪ್ರತಿ ಸಂಖ್ಯೆಯನ್ನು ಮತ್ತೆ ಮತ್ತೆ ಬಳಸೋದ್ರಿಂದ ಪ್ರೊಸೆಸರ್ ಖಾಲಿ ಕೂರೋದೇ ಅಪರೂಪ. ಹವಾಮಾನದಂಥ ನಿಜ ಕೆಲಸಗಳು ಹಾಗಲ್ಲ. ಸಂಖ್ಯೆ ತರಬೇಕು, ಒಂದೆರಡು ಲೆಕ್ಕ ಮಾಡಬೇಕು, ಪಕ್ಕದವರ ಉತ್ತರಕ್ಕೆ ಕಾಯಬೇಕು. ಲಿನ್‌ಪ್ಯಾಕ್ ಕಟ್ಟಿದವರಲ್ಲಿ ಒಬ್ಬರಾದ ಜ್ಯಾಕ್ ಡೊಂಗಾರಾ ಅವರೇ ಈ ಅಳತೆಗೋಲು ಸಾಲದು ಅಂತ ಸಹೋದ್ಯೋಗಿಗಳ ಜೊತೆ ‘ಎಚ್‌ಪಿಸಿಜಿ’ ಅನ್ನೋ ಇನ್ನೊಂದು ಪರೀಕ್ಷೆ ತಂದ್ರು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಮೆರಿಕದ ಫ್ರಾಂಟಿಯರ್ 2022ರಲ್ಲಿ ಲಿನ್‌ಪ್ಯಾಕ್‌ನಲ್ಲಿ 1,102 ಪೆಟಾಫ್ಲಾಪ್ ತೋರಿಸಿ ಜಗತ್ತಿಗೇ ಮೊದಲ ಸ್ಥಾನಕ್ಕೆ ಬಂತು. ಎಚ್‌ಪಿಸಿಜಿಯಲ್ಲಿ ಅದಕ್ಕೆ ಸಿಕ್ಕಿದ್ದು ಸುಮಾರು 14. ಜಪಾನಿನ ಫುಗಾಕು ಲಿನ್‌ಪ್ಯಾಕ್‌ನಲ್ಲಿ ಬರೀ 442, ಆದರೆ ಎಚ್‌ಪಿಸಿಜಿಯಲ್ಲಿ 16. ಅಳತೆಗೋಲು ಬದಲಾಯ್ತು, ಗೆದ್ದವರೂ ಬದಲಾದ್ರು.

ಇದು ಹೊಸ ಕಾಯಿಲೆಯೇನಲ್ಲ. 1991ರಲ್ಲೇ ಡೇವಿಡ್ ಬೇಲಿ ಅನ್ನೋ ವಿಜ್ಞಾನಿ, ಪ್ಯಾರಲಲ್ ಕಂಪ್ಯೂಟರ್‌ಗಳ ವೇಗದ ಲೆಕ್ಕ ಕೊಟ್ಟು ಜನರನ್ನು ಯಾಮಾರಿಸಲು 12 ದಾರಿಗಳನ್ನು ವ್ಯಂಗ್ಯವಾಗಿ ಪಟ್ಟಿ ಮಾಡಿದ್ರು. ಕಡಿಮೆ ಬಿಟ್‌ನಲ್ಲಿ ಲೆಕ್ಕ ಮಾಡಿ ಪೂರ್ತಿ ಬಿಟ್‌ನವರ ಜೊತೆ ಹೋಲಿಸೋದು, ಪ್ರೋಗ್ರಾಮಿನ ಒಂದು ಚುರುಕು ತುಣುಕಿನ ವೇಗವನ್ನೇ ಇಡೀ ಪ್ರೋಗ್ರಾಮಿನ ವೇಗ ಅನ್ನೋದು, ಹಳೇ ಯಂತ್ರದ ಹಳೇ ಕೋಡ್ ಜೊತೆ ಸ್ಪರ್ಧೆಗಿಳಿಯೋದು. ಇವತ್ತಿನ ಪ್ರೆಸ್ ನೋಟ್‌ಗಳಿಗೂ ಇದು ಒಪ್ಪುತ್ತೆ, ಅಲ್ವಾ?

ಹಾಗಾದ್ರೆ ಒಳ್ಳೆಯ ಅಳತೆ ಯಾವುದು? ನನ್ನ ಪ್ರಕಾರ, ನಿಜವಾದ ಕೆಲಸ ಮುಗಿಯಲು ಹಿಡಿದ ಸಮಯ. ಪುಣೆಯ ಐಐಟಿಎಂನಲ್ಲಿ 2024ರಲ್ಲಿ ಬಂದ ‘ಅರ್ಕ’ 11.77 ಪೆಟಾಫ್ಲಾಪ್‌ನದ್ದು. ಆದರೆ ಅಲ್ಲಿನ ವಿಜ್ಞಾನಿಗಳು ಹೇಳಿದ ಇನ್ನೊಂದು ಮಾತು ನನಗೆ ಹೆಚ್ಚು ಉಪಯುಕ್ತ ಅನ್ನಿಸ್ತು: ಹಳೆಯ ‘ಪ್ರತ್ಯೂಷ್’ನಲ್ಲಿ 10 ಗಂಟೆವರೆಗೂ ಹಿಡಿಯುತ್ತಿದ್ದ ಹವಾಮಾನ ಲೆಕ್ಕ ಇದರಲ್ಲಿ 4 ಗಂಟೆಯಲ್ಲಿ ಮುಗಿಯುತ್ತೆ. 2025ರ ಮೇನಲ್ಲಿ ಮುನ್ಸೂಚನೆಯ ಚೌಕ 12 ಕಿ.ಮೀ.ನಿಂದ 6 ಕಿ.ಮೀ.ಗೆ ಇಳಿಯಿತು. ಚೌಕದ ಬದಿ ಅರ್ಧವಾದ್ರೆ ಲೆಕ್ಕ ಸುಮಾರು ಎಂಟು ಪಟ್ಟು ಹೆಚ್ಚುತ್ತೆ. ನಾಳೆಯ ಮಳೆ ಸುದ್ದಿ ನಾಡಿದ್ದು ಬಂದ್ರೆ ಬಿತ್ತನೆಗೆ ಕಾದ ರೈತರಿಗೆ ಏನುಪಯೋಗ?

2015ರಲ್ಲಿ ಶುರುವಾದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ಗೆ ಇಟ್ಟಿದ್ದು 4,500 ಕೋಟಿ ರೂಪಾಯಿ. ಅದನ್ನು ನಡೆಸೋದು ಸಿ-ಡ್ಯಾಕ್ ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ. ಇಂಥ ಯಂತ್ರಗಳು ಬೇಕೇ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಮುಂದಿನ ಉದ್ಘಾಟನೆಯ ದಿನ ನಾಲ್ಕು ಪ್ರಶ್ನೆ ಕೇಳೋಣ: ಎಷ್ಟು ಬಿಟ್ ಲೆಕ್ಕ? ಅಳೆದದ್ದಾ, ಕಾಗದದ್ದಾ? ಯಾವುದರ ಜೊತೆ ಹೋಲಿಕೆ? ಯಾರ ಯಾವ ಕೆಲಸ ಎಷ್ಟು ಗಂಟೆ ಬೇಗ ಮುಗೀತು? ದುಡ್ಡು ನಮ್ಮದು, ಉತ್ತರ ಕೇಳೋ ಹಕ್ಕೂ ನಮ್ಮದು.